ಪಡಸಾಲೆಯ ಬಾಣಂತಿ

ಬೇರೆಯವರ ಮನೆಯ ಪಡಸಾಲೆಯಲ್ಲಿ ಕಾಳಿನ ಚೀಲ ಇರುತ್ತಿದ್ದವು, ಮಂಚ ಇರುತ್ತಿತ್ತು, ಬಹಳವೆಂದರೆ ಒಂದು ಹೊಲಿಗೆ ಮಷೀನು ಇರುತ್ತಿತ್ತು. ಮಸ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಮಳೆಗಾಲ, ಒಂದು ಚಳಿಗಾಲ ಪೂರ್ತಿ ರೇಸಿನ ಕಾರಿತ್ತು. ಈ ಮಾತನ್ನು ಶಾಲೆಯಲ್ಲಿ ಹೇಳಿ ನಾನು ಸುಳ್ಳುಬುರುಕಿ ಅನ್ನಿಸಿಕೊಂಡೆ. ಕಾರು ಮನೆಯ ಮುಂದೆ ನಿಲ್ಲುತ್ತದೆ, ಒಳಗೆ ನಿಲ್ಲುವುದಿಲ್ಲ ಎಂದು ನಮ್ಮ ಸರ್ ಸಮಾಧಾನದಿಂದಲೇ ತಿದ್ದಿದರು. ಅಷ್ಟಕ್ಕೆ ಸುಮ್ಮನಿರುವ ಬಾಯಿ ನನ್ನದಲ್ಲ, ಇವತ್ತಿಗೂ ಅಲ್ಲ.

"ನಮ್ಮದು ಒಳಗs ಐತ್ರಿ ಸರ. ಬಾಣಂತನ ಮಾಡಾಕತ್ತೀವ್ರಿ."

ಆ ದಿನ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ನಿಂತಿದ್ದೆ. ಅವರ ತಪ್ಪೇನೂ ಇಲ್ಲ ಬಿಡಿ. ಕೂದಲು ಬೆಳ್ಳಗಾದ ಮೇಲೆ ಇವತ್ತು ಹೇಳಿದರೂ ಕೇಳುವವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಮಗಳ ಮುಖ ನೋಡುತ್ತಾರೆ. ಆದರೆ ನಮ್ಮ ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು, ಒಂದು ಸಲ ನೋಡಿದವರು ಯಾರೂ ಈ ಮಾತನ್ನು ಅನುಮಾನಿಸುವುದಿಲ್ಲ.

ಕಾರು ನಮ್ಮ ಶರಣು ಕಾಕಾನದು. ಕಾಕಾ ಅಪ್ಪನ ತಮ್ಮ, ಮದುವೆಯಾಗದ ಹುಡುಗ, ಬಸ್‌ಸ್ಟ್ಯಾಂಡಿನ ಹತ್ತಿರದ ನಮ್ಮ ಬೀಜ-ಗೊಬ್ಬರದ ಅಂಗಡಿಯಲ್ಲಿ ಅಪ್ಪನ ಜೊತೆ ಕೂಡುತ್ತಿದ್ದ. ಕೂಡುತ್ತಿದ್ದ ಅನ್ನುವುದೇ ಸುಳ್ಳು, ಅವನ ಕಾಲು ಒಂದು ಕಡೆ ನಿಂತದ್ದನ್ನು ಯಾರೂ ನೋಡಿರಲಿಲ್ಲ. ಪ್ರತಿವರ್ಷ ಭತ್ತ ಕಟಾವಾಗಿ, ಕಾಲುವೆಯ ನೀರು ನಿಂತು, ಗದ್ದೆಗಳೆಲ್ಲ ಒಣಗಿ ಗಟ್ಟಿಯಾದ ಮೇಲೆ ಸಿಂಧನೂರಿನ ಹೊರಗೆ ಒಂದು ಬಯಲಿನಲ್ಲಿ ಕಾರಿನ ಹುಚ್ಚಿರುವವರು ಸೇರುತ್ತಿದ್ದರು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ತಿರುವುಗಳಲ್ಲಿ ಹುಲ್ಲಿನ ಪೆಂಡಿ ಒಟ್ಟಿ, ಹಳೇ ಕಾರುಗಳನ್ನು ಓಡಿಸುತ್ತಿದ್ದರು. ರೈಸ್‌ಮಿಲ್ಲಿನವರು, ಕಿರಾಣಿ ಅಂಗಡಿಯವರು, ಒಬ್ಬ ಕಾಂಪೌಂಡರು. ಗೆದ್ದವನಿಗೆ ಒಂದು ಶೀಲ್ಡು, ಒಂದು ಶಾಲು, ಹೊಟ್ಟೆ ತುಂಬ ಧೂಳು. ಕಾಕಾ ಎಲ್ಲಿಂದಲೋ ಹಳೆಯ ಪುಟ್ಟ ಕಾರೊಂದನ್ನು ತಂದು, ಸೀಟುಗಳನ್ನೆಲ್ಲ ಕಿತ್ತು ಒಂದೇ ಒಂದು ಉಳಿಸಿ, ಕೆಂಪು ಬಣ್ಣ ಬಳಿದು, ಕೆಂಪಿ ಎಂದು ಆಕಳಿಗೆ ಇಡುವ ಹೆಸರಿಟ್ಟಿದ್ದ. ಕೆಂಪಿ ಧೂಳೆಬ್ಬಿಸಿಕೊಂಡು ಬರುವಾಗ ನಾನು ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದೆ.

ಆ ವರ್ಷದ ಕೊನೆಯ ರೇಸಿನಲ್ಲಿ, ಬಯಲಿನ ಆಚೆ ತುದಿಯ ತಿರುವಿನಲ್ಲಿ, ಕೆಂಪಿ ಪಲ್ಟಿ ಹೊಡೆಯಿತು. ಬೋರಲಾಗಿ ಬಿದ್ದು ಚಕ್ರಗಳು ಮೇಲೆ ತಿರುಗುತ್ತಲೇ ಇದ್ದವು. ಕಾಕಾ ಕಿಟಕಿಯಿಂದ ತಾನೇ ತೆವಳಿ ಬಂದು, ಏನೂ ಆಗಿಲ್ಲ ಏನೂ ಆಗಿಲ್ಲ ಎಂದು ಕೈಯೆತ್ತಿ, ಅಲ್ಲೇ ಕುಸಿದ. ಹೆಗಲ ಮೂಳೆ ಮುರಿದಿತ್ತು. ಕಾರಿನ ಮಾಳಿಗೆ, ಅಂದರೆ ಮೇಲಿನ ತಗಡು, ಸೀಟಿನ ಬೆನ್ನಿನವರೆಗೆ ಅಪ್ಪಚ್ಚಿಯಾಗಿತ್ತು. ಮೂಳೆ ಕೂಡಿತು, ಕಾಕಾ ಮಾತ್ರ ಕೂಡಲಿಲ್ಲ. ಅಪ್ಪನ ಗಾಡಿಯ ಸ್ಟೇರಿಂಗನ್ನೂ ಮುಟ್ಟಲೊಲ್ಲ. ಲಿಂಗಸುಗೂರಿಗೆ ಹೋಗಬೇಕಾದರೆ ಬಸ್ಸಿನಲ್ಲಿ, ಅದೂ ಹಿಂದಿನ ಸೀಟಿನಲ್ಲಿ, ಕಿಟಕಿಗೆ ಬೆನ್ನು ಹಾಕಿ. ಅಂಗಡಿಯಿಂದ ಬಂದವನೇ ನಡುಮನೆಯ ಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ. ಕೆಂಪಿ ಹಿತ್ತಲಿನಲ್ಲಿ ತಾಡಪತ್ರಿ ಹೊದ್ದು ಬಿದ್ದಿತ್ತು. ಅದರೊಳಗೆ ಕೋಳಿ ಮೊಟ್ಟೆ ಇಡುತ್ತಿದ್ದವು. ಮೊಟ್ಟೆ ತರಲು ಹೋದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಕಾಕಾನ ಮೇಲೆ ನನಗಿದ್ದ ಪ್ರೀತಿ ಅಂಥದ್ದು.

ಒಂದು ಬೆಳಿಗ್ಗೆ ಅಪ್ಪ ಅದನ್ನು ಗುಜರಿಗೆ ಹಾಕುವ ಮಾತೆತ್ತಿದ. ಆಯಿ ಕಟ್ಟೆಯ ಮೇಲೆ ಕೂತು ಪುಂಡಿಸೊಪ್ಪು ಸೋಸುತ್ತಿದ್ದವಳು ತಲೆಯೆತ್ತಲಿಲ್ಲ.

"ಅದಕ್ಕ ದೃಷ್ಟಿ ಆಗೇತಿ. ಮೂರೂರಿನ ಮಂದಿ ಕಣ್ಣು ಅದರ ಮ್ಯಾಲ ಇತ್ತು. ಒಳಗ ತರ್ರಿ."

"ಎಲ್ಲಿ ಒಳಗ?"

"ಪಡಸಾಲ್ಯಾಗ."

"ಯವ್ವಾ, ಅದು ಕಾರು."

"ನನಗೇನು ಕಣ್ಣಿಲ್ಲೇನಲೇ? ಸತ್ತು ಹುಟ್ಟಿ ಬಂದೈತಿ ಅದು. ಬಾಣಂತಿ ಇದ್ದಂಗ. ಬಾಣಂತೀನ ಯಾರರ ಹಿತ್ತಲದಾಗ ಕೋಳಿ ಜೋಡಿ ಮಲಗಸ್ತಾರೇನು?"

ಅವ್ವ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಅವ್ವ ಮುಕ್ಕುಂದದ ಕಡೆಯವಳು, ಭತ್ತದ ಗದ್ದೆಯ ಕೆಸರಿನಲ್ಲಿ ಬೆಳೆದವಳು, ನಗುವುದಕ್ಕೆ ಕಾರಣ ಹುಡುಕುವವಳಲ್ಲ. ಅಪ್ಪ ಒಂದಷ್ಟು ಹೊತ್ತು ಕೂಗಾಡಿದ. ಮಂದಿ ನಗತಾರ, ಎಣ್ಣಿ ನಾತ ಬರ್ತೈತಿ, ಬೀಗರು ಬಂದ್ರ ಎಲ್ಲಿ ಕುಂದ್ರಸೋಣು, ಇತ್ಯಾದಿ. ಆಯಿ ಸೊಪ್ಪು ಸೋಸಿ ಮುಗಿಸಿ ಎದ್ದು ಪಡಸಾಲೆಯ ಕಸ ಹೊಡೆಯಲು ಶುರು ಮಾಡಿದಳು. ನಮ್ಮ ಮನೆಯಲ್ಲಿ ಜಗಳ ಮುಗಿಯುತ್ತಿದ್ದದ್ದೇ ಹಾಗೆ.

ಕೆಂಪಿಯನ್ನು ಒಳಗೆ ತಂದದ್ದು ಓಣಿಗೇ ಒಂದು ಹಬ್ಬ. ಎಂಜಿನ್ನು, ಚಕ್ರ, ಬಾಗಿಲು ಎಲ್ಲ ಮೊದಲೇ ಬಿಚ್ಚಿದ್ದರು. ಉಳಿದ ತಗಡಿನ ಮೈಯನ್ನು ಓಣಿಯ ಗಂಡಸರೆಲ್ಲ ಸೇರಿ, ಮಗ್ಗುಲಾಗಿ ತಿರುಗಿಸಿ, ಹಗ್ಗ ಹಾಕಿ, ತಲೆಬಾಗಿಲಿನಿಂದ ಸರಿಸಿದರು. ಮೇಲಿನ ತಗಡು ಅಪ್ಪಚ್ಚಿಯಾಗಿದ್ದರಿಂದ ಮಂಚ ಸರಿಸಿದಂತೆ ಸರಾಗ ಒಳಗೆ ಹೋಯಿತು. ಆಯಿಗೆ ಕಾರಿಗಿಂತ ಹೊಸ್ತಿಲಿನದೇ ಚಿಂತೆ. ಆ ಬಾಗಿಲು, ಚೌಕಟ್ಟು, ಮೊಣಕಾಲೆತ್ತರದ ಹೊಸ್ತಿಲು ಎಲ್ಲ ಸಾಗವಾನಿಯವು, ನಮ್ಮ ಮುತ್ಯಾ, ಅಂದರೆ ಆಯಿಯ ಗಂಡ, ಮನೆ ಕಟ್ಟಿಸಿದಾಗ ಕೂಡಿಸಿದ್ದವು. ಮುತ್ಯಾ ಹೋದ ಮೇಲೆ ಆಯಿ ದಿನಾ ಬೆಳಿಗ್ಗೆ ಅದಕ್ಕೆ ಅರಿಶಿಣ ಹಚ್ಚಿ, ವಿಭೂತಿ ಎಳೆದು, ಹೂವಿಟ್ಟ ಮೇಲೆಯೇ ಚಹಾ ಕುಡಿಯುತ್ತಿದ್ದಳು. ಯಾರಾದರೂ ಅದನ್ನು ತುಳಿದರೆ ಮುಗಿಯಿತು ಅವರ ಕಥೆ.

"ಹೊಸ್ತಿಲ ತುಳದೀರಿ, ಜ್ವಾಕಿ! ದಾಟ್ರಿ, ದಾಟ್ರಲೇ!"

ಎಲ್ಲರೂ ಕಾರು ಹೊತ್ತುಕೊಂಡು ಕೊಕ್ಕರೆಯ ಹಾಗೆ ಕಾಲೆತ್ತಿ ಕಾಲೆತ್ತಿ ದಾಟಿದರು. ಕಾಕಾ ಮಾತ್ರ ಕೋಣೆಯಿಂದ ಹೊರಗೆ ಬರಲಿಲ್ಲ.

ಅಂದಿನಿಂದ ಬಾಣಂತನ ಶುರುವಾಯಿತು. ಏನು ಕೇಳುತ್ತೀರಿ! ತಲೆಬಾಗಿಲಿಗೆ ಬೇವಿನ ಟೊಂಗೆ. ಸಂಜೆಯಾದರೆ ಕೆಂಡದ ಮೇಲೆ ಲೋಬಾನ, ಬೆಳ್ಳುಳ್ಳಿ ಸಿಪ್ಪೆ, ಸಾಸಿವೆ ಹಾಕಿ ಕಾರಿನ ಸುತ್ತ ಹೊಗೆ. ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಬರುವಂತಿಲ್ಲ, ಬಂದರೂ "ಎಷ್ಟ ಚಂದ ಆಗೇತಿ" ಅನ್ನುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು ಅಂಟಿನುಂಡಿ. ಬಾಣಂತಿ ಇದ್ದ ಮನೆಯಲ್ಲಿ ಅಂಟಿನುಂಡಿ ಇರಲೇಬೇಕು ಎಂದು ಆಯಿ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ದೊಡ್ಡ ಡಬ್ಬಿ ತುಂಬಿಟ್ಟಳು. ಬಾಣಂತಿ ತಿನ್ನುವಂತಿರಲಿಲ್ಲವಲ್ಲ, ಅದರ ಪಾಲೂ ನಾವೇ ತಿಂದೆವು. ಆ ವರ್ಷ ನಾನು ದುಂಡಗಾದೆ. ಓಣಿಯ ಹೆಂಗಸರು ಬಾಗಿಲಲ್ಲಿ ಇಣುಕಿ ಅವ್ವನನ್ನು ಕಾಡುತ್ತಿದ್ದರು.

"ಏನವಾ, ನಿಮ್ಮನಿ ಕೂಸು ಯಾರ್ನ ಹೋಲ್ತೈತಿ?"

"ನಮ್ಮ ಮೈದುನನ್ನ ನೋಡವಾ. ಅವನಂಗs ಮಕ ಸೊಟ್ಟ ಮಾಡ್ಕೊಂಡು ಕುಂತೈತಿ."

ಅವ್ವ ಇದನ್ನು ನಡುಮನೆಯ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು.

ದುರಸ್ತಿಗೆ ಬರುತ್ತಿದ್ದವನು ಖಾಜಾ ಮಾಮಾ. ಲಿಂಗಸುಗೂರಿನಲ್ಲಿ ಅವನ ಗ್ಯಾರೇಜು, ಕಾಕಾನ ಹಳೆಯ ದೋಸ್ತ. ಶುಕ್ರವಾರ ಗ್ಯಾರೇಜು ಮುಚ್ಚಿ, ಮಧ್ಯಾಹ್ನದ ನಮಾಜು ಮುಗಿಸಿ, ಮೋಟರ್‌ಸೈಕಲ್ಲಿಗೆ ವೆಲ್ಡಿಂಗಿನ ಸಾಮಾನು ಕಟ್ಟಿಕೊಂಡು ಬರುತ್ತಿದ್ದ. ಅಪ್ಪಚ್ಚಿಯಾದ ತಗಡನ್ನು ಜಾಕ್ ಹಚ್ಚಿ ಒಳಗಿನಿಂದ ಎತ್ತಿ, ಬಡಿದು, ನೆಟ್ಟಗೆ ಮಾಡಿದ. ಇನ್ನೊಮ್ಮೆ ಪಲ್ಟಿಯಾದರೂ ತಲೆಗೆ ಪೆಟ್ಟಾಗದ ಹಾಗೆ ಒಳಗೆ ಕಬ್ಬಿಣದ ಪೈಪಿನ ಪಂಜರ ಕೂಡಿಸಲು ಶುರು ಮಾಡಿದ. ವೆಲ್ಡಿಂಗಿನ ಬೆಳಕಿಗೆ ದೇವರ ಕೋಣೆಯ ಫೋಟೋಗಳು ಥಳಥಳ ಹೊಳೆಯುತ್ತಿದ್ದವು. ಎಂಜಿನ್ನಿನ ಸಾಮಾನುಗಳನ್ನು ಜೋಳ ಒಣಹಾಕುವ ತಟ್ಟಿನ ಮೇಲೆ ಸಾಲಾಗಿ ಹರವಿದ್ದರು. ಒಂದು ದಿನ ರೊಟ್ಟಿಗೆ ಸೀಮೆಎಣ್ಣೆಯ ವಾಸನೆ ಬಂತು. ಅಪ್ಪ ಅವ್ವನ ಮೇಲೆ ರೇಗಿದ, ಅವ್ವ ಒಲೆಯ ಮೇಲೆ ರೇಗಿದಳು, ಆಮೇಲೆ ಗೊತ್ತಾಯಿತು, ಹಿಟ್ಟು ಕಲೆಸುವ ಪರಾತದಲ್ಲಿ ಖಾಜಾ ಮಾಮಾ ಕಾರ್ಬುರೇಟರ್ ತೊಳೆದಿದ್ದ. ಆ ಶುಕ್ರವಾರ ಅವನಿಗೆ ಉಂಡಿ ಸಿಗಲಿಲ್ಲ.

ಕಾಕಾನನ್ನು ಹೊರಗೆ ಎಳೆದದ್ದು ಅವ್ವ. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಲೇ, ಕೋಣೆಯ ಕಡೆ ಮುಖ ಮಾಡಿ ಕೂಗಿದಳು.

"ಖಾಜಣ್ಣ, ಸೈಲೆನ್ಸರ್ ಯಾಕ ತರ್ತೀರಿ ಬಿಡ್ರಿ. ನಮ್ಮ ಊದುಗೊಳವಿ ಐತಿ, ಅದನ್ನs ಬಡೀರಿ!"

ಖಾಜಾ ಮಾಮಾ ಒಂದು ಕ್ಷಣ ಕಕ್ಕಾಬಿಕ್ಕಿಯಾದ. ಆಮೇಲೆ ಅವನ ಕಣ್ಣು ಅರಳಿತು.

"ಬಿಲ್ಕುಲ್ ಭಾಬಿ! ಕೊಡ್ರಿ ಇಲ್ಲಿ. ಮತ್ತ ಈ ಫ್ಯಾನ್ ಉಲ್ಟಾ ಹಾಕಾಕತ್ತೀನಿ, ನಡೀತೈತಲ್ಲ?"

"ನಡೀತೈತಿ ನಡೀತೈತಿ. ಬಣ್ಣ ಗುಲಾಬಿ ಹಚ್ಚೋಣು. ಮ್ಯಾಲ ಎರಡು ನವಿಲು ಬರಸೋಣು!"

ಕೋಣೆಯ ಬಾಗಿಲು ಧಡಾರನೆ ತೆರೆಯಿತು. ಲುಂಗಿಯಲ್ಲಿ, ಕೆದರಿದ ತಲೆಯಲ್ಲಿ ಕಾಕಾ ನಿಂತಿದ್ದ.

"ಏ ಖಾಜಾ, ತೆಲಿ ಕೆಟ್ಟೈತೇನಲೇ ನಿಂದು? ಫ್ಯಾನ್ ಉಲ್ಟಾ ಯಾವನರ ಹಾಕ್ತಾನೇನು? ಸರಿ ಆಕಡೆ! ವೈನಿ, ನೀವು ರೊಟ್ಟಿ ನೋಡ್ರಿ, ಹೊತ್ತಾಕತ್ತಾವು!"

ರೊಟ್ಟಿ ನಿಜವಾಗಿಯೂ ಹೊತ್ತುತ್ತಿದ್ದವು. ಅವ್ವ ಹೊತ್ತಲಿ ಬಿಡು ಎಂದು ಕೂತೇ ಇದ್ದಳು. ಕಾಕಾ ನೆಲದ ಮೇಲೆ ಕೂತು ಬೋಲ್ಟು ಬಿಚ್ಚುವ ಪಾನಾ ಹಿಡಿದ. ಅಂದು ರಾತ್ರಿ ಊಟಕ್ಕೂ ಅಲ್ಲಿಂದ ಏಳಲಿಲ್ಲ. ಬಿಚ್ಚಿಟ್ಟ ಬಾನೆಟ್ಟಿನ ಮೇಲೆಯೇ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಇಟ್ಟುಕೊಂಡು ಎಲ್ಲರೂ ಕಾರಿನ ಸುತ್ತ ಕೂತು ಉಂಡೆವು. ಅಪ್ಪನೂ ಬಂದು ಕೂತ. ನನ್ನ ಜೀವನದಲ್ಲಿ ಆಮೇಲೆ ಎಷ್ಟೋ ಒಳ್ಳೆಯ ಊಟ ಮಾಡಿದ್ದೇನೆ, ಆ ರಾತ್ರಿಯ ಖುಷಿ ಯಾವುದರಲ್ಲೂ ಸಿಗಲಿಲ್ಲ.

ಅಲ್ಲಿಂದ ಮನೆಯೆಂದರೆ ಗ್ಯಾರೇಜು. ತಗಡಿನ ಸಂದಿಯಲ್ಲಿ ದೊಡ್ಡವರ ಕೈ ಹೋಗದ ಕಡೆ ಬೋಲ್ಟು ಬಿಗಿಯುವುದು ನನ್ನ ಕೆಲಸ. ತುಕ್ಕು ಉಜ್ಜುವುದು ಅವ್ವನದು. ಅಪ್ಪ ಅಂಗಡಿಯಿಂದ ಬಂದವನೇ ಅಂಗಿ ಬಿಚ್ಚಿ, ಯಾರೂ ಕೇಳದಿದ್ದರೂ ಸಲಹೆ ಕೊಡಲು ನಿಲ್ಲುತ್ತಿದ್ದ. ಎಂಜಿನ್ನು ಮೊದಲ ಸಲ ಹೊತ್ತಿಕೊಂಡ ದಿನ ಹೊಗೆಯೆಲ್ಲ ಬೆಳಕಿಂಡಿಯಿಂದ ಮೇಲೆ ಹೋಗಿ, ಬೆಂಕಿ ಬಿತ್ತು ಎಂದು ಪಕ್ಕದ ಮನೆಯವರು ಕೊಡ ಹಿಡಿದು ಓಡಿ ಬಂದರು. ನಾವೆಲ್ಲ ಕೆಮ್ಮುತ್ತ, ನಗುತ್ತ, ಕಣ್ಣೀರು ಒರೆಸಿಕೊಳ್ಳುತ್ತ ನಿಂತಿದ್ದೆವು.

ಆದರೆ ಒಂದನ್ನು ನಾನೂ ನೋಡಿದೆ, ಎಲ್ಲರೂ ನೋಡಿದರು. ಕಾಕಾ ಎಂಜಿನ್ನನ್ನು ಹೊರಗೆ ನಿಂತೇ, ಕಿಟಕಿಯಿಂದ ಕೈ ಹಾಕಿ ಶುರು ಮಾಡಿದ್ದ. ಕಾರಿನ ಕೆಳಗೆ ಮಲಗುತ್ತಿದ್ದ, ಮೇಲೆ ಏರುತ್ತಿದ್ದ, ಒಳಗೆ ತಲೆ ತೂರಿಸುತ್ತಿದ್ದ. ಸೀಟಿನ ಮೇಲೆ ಮಾತ್ರ ಕೂಡುತ್ತಿರಲಿಲ್ಲ. ರೇಸಿನ ದಿನ ಹತ್ತಿರ ಬಂದ ಹಾಗೆ ಅವನ ಮಾತು ಮತ್ತೆ ಕಡಿಮೆಯಾಯಿತು. ಪಾಮನಕಲ್ಲೂರಿನಲ್ಲಿ ಚಲೋ ಓಡಿಸುವ ಹುಡುಗನೊಬ್ಬ ಇದ್ದಾನೆ, ಕರೆಸೋಣವೇ ಎಂದು ಅಪ್ಪ ಕೇಳಿದಾಗ ಕಾಕಾ ಪಾನಾ ಒರೆಸುತ್ತ ಕೂತ. ಆಯಿ ಅಂದಳು,

"ನಮ್ಮನ್ಯಾಗ ಬಾಣಂತನ ಮಾಡಿಸ್ಕೊಂಡೈತಿ ಅದು. ಮಂದಿ ಹುಡುಗ ಯಾಕ ಕುಂದ್ರಬೇಕು? ಇಂವ ಕುಂದ್ರಲಿಲ್ಲಂದ್ರ ಮುಂದ ಯಾವತ್ತೂ ಕುಂದ್ರಾಂಗಿಲ್ಲ."

ಕಾಕಾ ಎದ್ದು ಹಿತ್ತಲಿಗೆ ಹೋದ.

ರೇಸಿನ ಹಿಂದಿನ ದಿನ ಕೆಂಪಿಯನ್ನು ಹೊರಗೆ ತರುವ ಮುಹೂರ್ತ. ಬಾಣಂತಿ ಮೊದಲ ಸಲ ಹೊರಗೆ ಬರುವಾಗ ಮಾಡುವ ಗಂಗಮ್ಮನ ಪೂಜೆಯನ್ನೇ ಆಯಿ ಮಾಡಿಸಿದಳು. ಕೊಡಕ್ಕೆ ಅರಿಶಿಣ-ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು, ಹೊಸ ಕೆಂಪು ಬಣ್ಣದ ಮೇಲೆ ವಿಭೂತಿಯ ಮೂರು ಗೆರೆ. ಓಣಿಯೆಲ್ಲ ಬಾಗಿಲ ಮುಂದೆ. ಕುಂಬಳಕಾಯಿ ಹಿಡಿದು ಅಪ್ಪ ಕಟ್ಟೆಯ ಮೇಲೆ. ಹೊಸ್ತಿಲಿಗೆ ತಾಗದಂತೆ ಎರಡೂ ಕಡೆ ಹಲಗೆ ಒಡ್ಡಿ, ಹರಹರ ಎಂದು ನೂಕಿದರು. ಕೆಂಪಿ ಬಾಗಿಲವರೆಗೆ ಗತ್ತಿನಿಂದ ಹೋಗಿ ಠಕ್ ಎಂದು ನಿಂತಿತು.

ಇನ್ನೊಮ್ಮೆ ನೂಕಿದರು. ಮತ್ತೆ ಠಕ್. ಅಪ್ಪ ಕುಂಬಳಕಾಯಿ ಕೆಳಗಿಟ್ಟು, ಟೇಪು ತಂದು, ಬಾಗಿಲು ಅಳೆದ, ಕಾರು ಅಳೆದ, ಮತ್ತೆ ಬಾಗಿಲು ಅಳೆದ. ಅಪ್ಪಚ್ಚಿಯಾಗಿದ್ದಾಗ ಒಳಗೆ ಬಂದದ್ದು, ಈಗ ಮಾಳಿಗೆ ಎದ್ದು ನಿಂತಿದೆ. ನಿಲ್ಲಿಸಿದರೆ ಅಗಲ ಅಡ್ಡ, ಮಲಗಿಸಿದರೆ ಎತ್ತರ ಅಡ್ಡ. ಇಷ್ಟು ತಿಂಗಳು ಇಷ್ಟು ಜನ ಅದರ ಸುತ್ತ ಉಂಡೆವು, ಕೂತೆವು, ಹೊಗೆ ಹಾಕಿದೆವು, ಒಬ್ಬರ ತಲೆಗೂ ಇದು ಹೊಳೆದಿರಲಿಲ್ಲ, ಶಿವಶಿವಾ! ಮೊದಲು ಖಾಜಾ ಮಾಮಾ ನಕ್ಕ. ನಕ್ಕು ನಕ್ಕು ನೆಲದ ಮೇಲೆ ಕೂತ. ಆಮೇಲೆ ಅವ್ವ, ಆಮೇಲೆ ಇಡೀ ಓಣಿ. ಅಪ್ಪ ಟೇಪು ಹಿಡಿದುಕೊಂಡೇ ನಗುತ್ತಿದ್ದ.

ನಗು ತಗ್ಗಿದ ಮೇಲೆ ಖಾಜಾ ಮಾಮಾ ಕಣ್ಣೊರೆಸಿಕೊಂಡು ಎದ್ದ.

"ಪಂಜರ ಕೊಯ್ದು, ತಗಡು ಬಗ್ಗಸ್ತೀನಿ. ಹೊರಗ ಹೋಗಿ ಮತ್ತ ಜೋಡಿಸೋಣು. ಆದ್ರ ಮೊದಲಿನ ಗಟ್ಟಿ ಇರಂಗಿಲ್ಲ ನೋಡ್ರಿ. ನಾಳೆ ಪಲ್ಟಿ ಆತಂದ್ರ ನಾ ಜವಾಬ್ದಾರಿ ಅಲ್ಲ."

"ಕೊಯ್ಯೂದು ಬ್ಯಾಡ," ಅಂದ ಅಪ್ಪ. "ಬಾಗಲ ಮುಟ್ಟೂದಂತೂ ಬ್ಯಾಡs ಬ್ಯಾಡ."

"ಬಿಡ್ರಣ್ಣ," ಅಂದ ಕಾಕಾ. "ಈ ವರ್ಷ ಬ್ಯಾಡ ಬಿಡ್ರಿ. ಮುಂದಿನ ವರ್ಷ ನೋಡೋಣು."

ನಾನು ಅವನ ಪಕ್ಕದಲ್ಲೇ ಇದ್ದೆ. ಅವನ ಮುಖದಲ್ಲಿ ಬೇಸರವಿರಲಿಲ್ಲ, ಹಗುರಾದ ಕಳೆಯಿತ್ತು. ಪರೀಕ್ಷೆ ಮುಂದಕ್ಕೆ ಹೋಯಿತು ಅಂದಾಗ ನಮ್ಮ ಮುಖ ಆಗುವ ಹಾಗೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆಯಿಯ ಕಡೆ ನೋಡಿದೆ. ಅವಳೂ ಅವನ ಮುಖವನ್ನೇ ನೋಡುತ್ತಿದ್ದಳು.

ಆಯಿ ದೇವರ ಕೋಣೆಗೆ ಹೋಗಿ ತಟ್ಟೆ ತಂದಳು. ಹೊಸ್ತಿಲ ಮುಂದೆ ಕೂತು ಇನ್ನೊಮ್ಮೆ ಅರಿಶಿಣ ಹಚ್ಚಿದಳು, ಹೂವಿಟ್ಟಳು, ಹಣೆಯನ್ನು ಅದಕ್ಕೆ ಮುಟ್ಟಿಸಿ ಬಹಳ ಹೊತ್ತು ಹಾಗೇ ಇದ್ದಳು. ಬಾಯೊಳಗೆ ಏನೋ ಅಂದುಕೊಂಡಳು, ಮುತ್ಯಾನ ಜೊತೆ ಮಾತಾಡಿದಳೋ ಶಿವನ ಜೊತೆಯೋ. ಆಮೇಲೆ ಮೊಣಕಾಲು ಹಿಡಿದು ಎದ್ದಳು.

"ಗೌಂಡಿನ ಕರೀರಿ. ಬಾಗಲ ಕೀಳ್ರಿ."



"ಯವ್ವಾ, ಅಪ್ಪ ಕೂಡಿಸಿದ್ದದು," ಅಂದ ನಮ್ಮಪ್ಪ.

"ಹೌದಪಾ, ನಿಮ್ಮಪ್ಪ ಕೂಡಿಸಿದ್ದು. ಈ ಮಗನೂ ಅವನs ಕೊಟ್ಟಿದ್ದು." ಆಯಿ ಕಾಕಾನ ಕಡೆ ತಿರುಗಿದಳು. "ಒಂದ್ ಮಾತು ಕೇಳಲೇ ಶರಣ್ಯಾ. ನಾಲ್ಕು ಮಂದಿ ನೂಕಿ ಹೊರಗ ಹಾಕಾಕ ನಾ ಹೊಸ್ತಿಲ ಕೀಳಸಂಗಿಲ್ಲ. ನೀ ಕುಂತು ನಡಸ್ಕೊಂಡು ಹೋಗ್ತಿ ಅಂದ್ರ ಕೀಳ್ತಾರ. ಇಲ್ಲಂದ್ರ ಇರ್ಲಿ, ಕಾರಿನಾಗ ಕೋಳಿ ಸಾಕೋಣು."

ಓಣಿಯ ಮಂದಿಯೆಲ್ಲ ಎದುರಿಗಿದ್ದರು, ಕಾಕಾ ಅವರನ್ನು ನೋಡಲಿಲ್ಲ.

"ಯವ್ವಾ, ನನಗ ಅಂಜಿಕಿ ಬರ್ತೈತಿ."

ಇಷ್ಟು ತಿಂಗಳಲ್ಲಿ ಅವನು ಈ ಮಾತನ್ನು ಆಡಿದ್ದು ಅದೇ ಮೊದಲು. ಆಯಿ ಸೆರಗಿನಿಂದ ಅವನ ಮುಖದ ಮೇಲಿನ ಎಣ್ಣೆ ಒರೆಸಿದಳು.

"ಬರ್ಲಿ ಬಿಡು. ನನಗೂ ಬರಾಕತ್ತೈತಿ. ಅಂಜ್ಕೋಂತನs ಹೋಗು."

ಗೋಡೆ ಕಟ್ಟುವ ಗೌಂಡಿ ಬಂದ. ಜಂತಿಗೆ ಕಂಬ ಕೊಟ್ಟು, ಚೌಕಟ್ಟಿನ ಸುತ್ತಲಿನ ಮಣ್ಣು, ಕಲ್ಲು ಬಿಡಿಸಿ, ಮಧ್ಯಾಹ್ನದ ಹೊತ್ತಿಗೆ ಬಾಗಿಲನ್ನು ಇಡಿಯಾಗಿ ಹೊರಗೆ ತೆಗೆದು ಕಟ್ಟೆಗೆ ಒರಗಿಸಿದರು. ನಮ್ಮ ಪಡಸಾಲೆಗೆ ಅಷ್ಟು ಬಿಸಿಲು ಬಿದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಕಾಕಾ ಕಿಟಕಿಯಿಂದ ಒಳಗೆ ತೂರಿ ಸೀಟಿನ ಮೇಲೆ ಕೂತ. ಕೈ ಎರಡೂ ಸ್ಟೇರಿಂಗಿನ ಮೇಲೆ. ಬಹಳ ಹೊತ್ತು ಹಾಗೇ ಕೂತ. ಯಾರೂ ಅವಸರ ಮಾಡಲಿಲ್ಲ, ನಮ್ಮ ಅಪ್ಪ ಕೂಡ ಸಲಹೆ ಕೊಡಲಿಲ್ಲ. ಕೊನೆಗೆ ಎಂಜಿನ್ನು ಗುಡುಗಿತು, ಮನೆಯ ಮಾಳಿಗೆಯಿಂದ ಮಣ್ಣು ಉದುರಿತು, ಕೆಂಪಿ ಮೆಲ್ಲಗೆ, ಹೊಸದಾಗಿ ನಡೆಯಲು ಕಲಿತವರ ಹಾಗೆ, ಬಿಸಿಲಿಗೆ ಹೊರಟಿತು. ನಾನು ಕುಣಿದೆ. ಅವ್ವ ಅಳುತ್ತ ಕುಣಿದಳು. ಅಪ್ಪ ಕುಂಬಳಕಾಯಿಯನ್ನು ನೆಲಕ್ಕೆ ಹೊಡೆದ ಭರಕ್ಕೆ ತಿರುಳೆಲ್ಲ ಖಾಜಾ ಮಾಮಾನ ಅಂಗಿಯ ಮೇಲೆ.

ಮರುದಿನ ನಾವೆಲ್ಲ ಸಿಂಧನೂರಿಗೆ ಹೋದೆವು, ಆಯಿಯೊಬ್ಬಳನ್ನು ಬಿಟ್ಟು. ಬಾಗಿಲಿಲ್ಲದ ಮನೆ ಬಿಟ್ಟು ಹೇಗೆ ಬರಲಿ ಎಂದು ಅವಳು ಒಡೆದ ಗೋಡೆಯ ನಡುವೆ ಕಂಬಳಿ ಹಾಸಿಕೊಂಡು ಕೂತಳು. ರೇಸಿನಲ್ಲಿ, ಹಳೆಯ ತಿರುವಿನ ಹತ್ತಿರ ಬಂದಾಗ ಕಾಕಾ ಎತ್ತಿನಗಾಡಿಯಷ್ಟು ನಿಧಾನ ಮಾಡಿದ. ಹಿಂದಿದ್ದವರೆಲ್ಲ ಮುಂದೆ ಹೋದರು, ಜನ ಸಿಳ್ಳೆ ಹೊಡೆದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವ್ವ ನನ್ನ ಕೈ ಎಳೆದು ತೆಗೆಸಿದಳು. ಸುತ್ತಿನಿಂದ ಸುತ್ತಿಗೆ ಆ ತಿರುವಿನಲ್ಲಿ ಅವನ ವೇಗ ಏರುತ್ತ ಹೋಯಿತು. ಕೊನೆಯ ಸುತ್ತಿನಲ್ಲಿ ಕೆಂಪಿ ಅಡ್ಡಡ್ಡ ಜಾರುತ್ತ, ಹುಲ್ಲಿನ ಪೆಂಡಿಗೆ ಮುಟ್ಟಿಯೂ ಮುಟ್ಟದಂತೆ ಧೂಳೆಬ್ಬಿಸಿಕೊಂಡು ತಿರುಗಿತು. ಪಂಜರದೊಳಗೆ ಕಾಕಾ ಬಾಯಿ ತೆರೆದು ಕೂಗುತ್ತಿದ್ದ. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ, ಅವನು ನಗುತ್ತಿದ್ದದ್ದು ಮಾತ್ರ ಕಾಣಿಸಿತು.

ಸಂಜೆ ಮನೆಗೆ ಬಂದಾಗ ಆಯಿ ಕಂಬಳಿಯ ಮೇಲೆ ಹಾಗೇ ಕೂತಿದ್ದಳು. ಗಂಡಸರೆಲ್ಲ ಒಟ್ಟಿಗೆ ಮಾತಾಡುತ್ತ ಇಳಿದರು. ಅವಳು ಯಾರನ್ನೂ ಕೇಳದೆ ನನ್ನ ರಟ್ಟೆ ಹಿಡಿದು ಹತ್ತಿರ ಎಳೆದುಕೊಂಡಳು.

"ಖರೇ ಹೇಳು. ಕಡೀತನಕ ಅವನs ನಡಸಿದ್ನೇನು?"

"ಹೂಂ ಆಯಿ. ಅವನs. ಕಡೀತನಕ."

ಆಯಿ ಎಷ್ಟನೆಯವನಾಗಿ ಬಂದ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಮೂಗು ಸೀಟಿ, ಅಪ್ಪನನ್ನು ಕೂಗಿದಳು.

"ಏಯ್, ನಾಳೆ ಗೌಂಡಿಗೆ ಬಾ ಅನ್ನು, ಬಾಗಲ ಕೂಡಸೋಣು. ಮತ್ತ ಈ ಸಲ ಕಾರು ಹಿಡಿಯೂವಷ್ಟು ಅಗಲ ಇಡಸು."